ಕೋಳಿ ಚೆನ್ನಾಗಿದ್ದರೂ ಅದರ ಕರುಳಿನಲ್ಲಿ ರೋಗಾಣು ಇರಬಹುದು



ಒಂದು ಮಳೆಗಾಲದಲ್ಲಿ ನಾಲ್ಕು ವರ್ಷದ ಮಗುವನ್ನು ಅದರ ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡು ವಾರ್ಡಿಗೆ ಬಂದರು. ಮಗುವಿಗೆ ಜ್ವರ, ಹೊಟ್ಟೆನುಲಿತ, ರಕ್ತ ಬೆರೆತ ಭೇದಿ. ಮನೆಯಲ್ಲಿ ಕೋಳಿ ಸಾಕಿದ್ದೀರಾ ಎಂದು ಕೇಳಿದೆ. "ಸಾಕಿದ್ದೀವಿ ಕಣವ್ವ. ಆದ್ರೆ ನಮ್ ಕೋಳಿಗೆ ಯಾವ ರೋಗಾನೂ ಇಲ್ಲ, ಚೆನ್ನಾಗಿ ಮೇಯ್ಕಂಡು ಓಡಾಡ್ಕಂಡವೆ" ಎಂದರು. ವೈದ್ಯರು ಮಲದ ಕಲ್ಚರ್ ಪರೀಕ್ಷೆ ಬರೆದುಕೊಟ್ಟರು. ಮೂರನೆಯ ದಿನ ವರದಿ ಬಂತು. ಯಾವ ರೋಗಾಣುವೂ ಬೆಳೆದಿರಲಿಲ್ಲ. ಮತ್ತೆ ವಿಚಾರಿಸಿದಾಗ ತಿಳಿಯಿತು, ಆಸ್ಪತ್ರೆಗೆ ಬರುವ ಮೊದಲೇ ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಎರಡು ದಿನ ಕುಡಿಸಿದ್ದರು.

ಮಗು ಗುಣವಾಗಿ ಮನೆಗೆ ಹೋಯಿತು, ಸಂತೋಷ. ಆದರೆ ಅದಕ್ಕೆ ಬಂದಿದ್ದ ರೋಗಾಣು ಯಾವುದು, ಎಲ್ಲಿಂದ ಬಂತು ಎಂಬುದು ತಿಳಿಯಲೇ ಇಲ್ಲ. ಅದೇ ಅಂಗಳದಲ್ಲಿ ಆಡುವ ಉಳಿದ ಮಕ್ಕಳ ಬಗ್ಗೆ ಖಚಿತವಾಗಿ ಏನು ಹೇಳಲೂ ಆಗಲಿಲ್ಲ. ಆ ಅಜ್ಜಿ ಹೇಳಿದ ಮಾತನ್ನು ವಾರ್ಡಿನಲ್ಲಿ ಇಂದಿಗೂ ಅನೇಕರು ಹೇಳುತ್ತಾರೆ. ಅವರಿಗಾಗಿಯೇ ಈ ಲೇಖನ.

ಕಣ್ಣಿಗೆ ಏಕೆ ಕಾಣುವುದಿಲ್ಲ?

ನಮ್ಮ ದೇಹದ ಬಿಸಿ 37 ಡಿಗ್ರಿ ಸೆಲ್ಸಿಯಸ್. ಕೋಳಿಯ ದೇಹದ ಬಿಸಿ 41ರಿಂದ 42 ಡಿಗ್ರಿ. ನಮಗಾದರೆ ಅದು ಜೋರು ಜ್ವರ, ಕೋಳಿಗೆ ಅದೇ ಸಹಜ. ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೆ ಈ ಬಿಸಿಯೇ ಹಿತ. ಕೋಳಿಯ ಕರುಳಿನಲ್ಲಿ ಅದು ಕೋಟಿಗಟ್ಟಲೆ ಬೆಳೆದಿದ್ದರೂ ಸಾಮಾನ್ಯವಾಗಿ ಕೋಳಿ ಮೇವು ಬಿಡುವುದಿಲ್ಲ, ತೂಗಡಿಸುವುದಿಲ್ಲ, ಮೊಟ್ಟೆ ಇಡುವುದನ್ನು ನಿಲ್ಲಿಸುವುದಿಲ್ಲ. ನಾಟಿಕೋಳಿಯಾಗಲಿ, ಗಿರಿರಾಜ ಕೋಳಿಯಾಗಲಿ, ಫಾರಂ ಕೋಳಿಯಾಗಲಿ ಈ ಮಾತಿನಲ್ಲಿ ವ್ಯತ್ಯಾಸವಿಲ್ಲ.

ಅದೇ ರೋಗಾಣು ಮನುಷ್ಯರ ಹೊಟ್ಟೆ ಸೇರಿದರೆ 2ರಿಂದ 5 ದಿನಗಳಲ್ಲಿ ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಹೆಚ್ಚು ರೋಗಾಣುಗಳೂ ಬೇಕಿಲ್ಲ. 1981ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಹಾಲಿಗೆ ಸುಮಾರು 500 ರೋಗಾಣುಗಳನ್ನು ಮಾತ್ರ ಬೆರೆಸಿ ತಾವೇ ಕುಡಿದು ನೋಡಿದರು. ಅವರಿಗೆ ಕಾಯಿಲೆ ಬಂದೇಬಂತು. ಹಸಿ ಕೋಳಿ ಮಾಂಸ ತೊಳೆದ ನೀರಿನ ಒಂದು ಹನಿಯಲ್ಲಿ ಅಷ್ಟು ರೋಗಾಣುಗಳು ಇರಬಲ್ಲವು.

ಎರಡನೆಯ ಮುಖ್ಯ ರೋಗಾಣು ಸಾಲ್ಮೊನೆಲ್ಲಾ. 1885ರಲ್ಲಿ ಇದು ಪತ್ತೆಯಾದ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರನ್ನೇ ಇದಕ್ಕೆ ಇಡಲಾಯಿತು. ಇದು ಕೋಳಿಯ ಹಿಕ್ಕೆಯಿಂದ ಮಾಂಸಕ್ಕೆ, ಮೊಟ್ಟೆಯ ಚಿಪ್ಪಿಗೆ ಅಂಟುತ್ತದೆ. ಕೆಲವೊಮ್ಮೆ ಕೋಳಿಯ ಅಂಡಾಶಯದಿಂದಲೇ ಮೊಟ್ಟೆಯ ಒಳಗೂ ಸೇರಿರುತ್ತದೆ. ಆದ್ದರಿಂದ ಚಿಪ್ಪು ಶುಭ್ರವಾಗಿದ್ದರೂ ಹಸಿ ಮೊಟ್ಟೆ ಸುರಕ್ಷಿತವಲ್ಲ. ಮೈನೆರೆದ ಹುಡುಗಿಗೆ ಶಕ್ತಿ ಬರಲೆಂದು ಕೆಲವು ಮನೆಗಳಲ್ಲಿ ಹಸಿ ಮೊಟ್ಟೆ ಕುಡಿಸುವ ರೂಢಿ ಇದೆ. ಬೇಯಿಸಿ ಕೊಟ್ಟರೆ ಶಕ್ತಿಯೇನೂ ಕಡಿಮೆಯಾಗುವುದಿಲ್ಲ.

ನಮ್ಮ ಟೈಫಾಯಿಡ್ ಬೇರೆ, ಕೋಳಿಯ ಟೈಫಾಯಿಡ್ ಬೇರೆ

ಸಾಲ್ಮೊನೆಲ್ಲಾ ಎಂದರೆ ಒಂದೇ ರೋಗಾಣುವಲ್ಲ, ದೊಡ್ಡ ಕುಟುಂಬ. ಅದರಲ್ಲಿ ಮೂರು ಬಗೆಗಳನ್ನು ತಿಳಿದಿದ್ದರೆ ಸಾಕು.

1. ಮನುಷ್ಯರಿಗೆ ಟೈಫಾಯಿಡ್ ತರುವುದು. ಇದು ಮನುಷ್ಯರಲ್ಲಿ ಮಾತ್ರ ವಾಸಿಸುತ್ತದೆ. ರೋಗಿಯ ಮಲ ಸೇರಿದ ನೀರು ಮತ್ತು ಆಹಾರದಿಂದ ಹರಡುತ್ತದೆ. ಕೋಳಿಯಿಂದ ಬರುವುದಿಲ್ಲ.

2. ಕೋಳಿಗೆ ಟೈಫಾಯಿಡ್ ತರುವುದು. ಕೋಳಿಗಳು ಮಂಕಾಗಿ, ಹಳದಿ ಮಿಶ್ರಿತ ಹಸಿರು ಹಿಕ್ಕೆ ಹಾಕಿ ಸಾಯುತ್ತವೆ. ಇದು ಮನುಷ್ಯರಿಗೆ ಕಾಯಿಲೆ ತರುವುದು ತೀರಾ ಅಪರೂಪ.

3. ಕೋಳಿಯ ಕರುಳಿನಲ್ಲಿ ಸುಮ್ಮನಿದ್ದು ನಮ್ಮ ಕರುಳಿಗೆ ಬಂದಾಗ ವಾಂತಿಭೇದಿ ತರುವುದು. ಈ ಲೇಖನದ ವಿಷಯ ಇದೇ.

ನೋಡಿ, ಕೋಳಿಯನ್ನು ಕೊಲ್ಲುವ ರೋಗಾಣು ನಮ್ಮನ್ನು ಅಷ್ಟಾಗಿ ಮುಟ್ಟದು. ನಮ್ಮನ್ನು ಕಾಡುವ ರೋಗಾಣುವಿನಿಂದ ಕೋಳಿಗೆ ತೊಂದರೆಯೇ ಇಲ್ಲ. ಹೀಗಿರುವಾಗ ಕೋಳಿಯ ಮುಖ ನೋಡಿ ಹೇಳುವುದು ಹೇಗೆ?

ಹಳ್ಳಿಗಳಲ್ಲಿ "ಕೊಕ್ಕರೆ ರೋಗ" ಎನ್ನುವ ರಾಣಿಖೇತ್ ಕೂಡ ಬೇರೆಯೇ. ಅದು ವೈರಸ್‌ನಿಂದ ಬರುವಂಥದ್ದು. ಹಾಗೆಂದು ಕಾಯಿಲೆ ಬಿದ್ದ ಕೋಳಿಯನ್ನು ಕೊಯ್ದು ತಿನ್ನಬಾರದು. ಸಾಲಾಗಿ ಕೋಳಿ ಸತ್ತರೆ ಹಕ್ಕಿಜ್ವರವೂ ಇರಬಹುದು, ಪಶುವೈದ್ಯರಿಗೆ ತಿಳಿಸಬೇಕು.

ಕೆಲವರು "ರಕ್ತ ಪರೀಕ್ಷೆ ಮಾಡಿಸಿದೆವು, ವೈಡಾಲ್‌ನಲ್ಲಿ ಟೈಫಾಯಿಡ್ ಬಂದಿದೆ, ಕೋಳಿ ತಿಂದದ್ದಕ್ಕೇ ಹೀಗಾಯಿತು" ಎಂದು ವರದಿ ಹಿಡಿದು ಬರುತ್ತಾರೆ. ವೈಡಾಲ್ 1896ರಷ್ಟು ಹಳೆಯ ಪರೀಕ್ಷೆ. ಅದು ರೋಗಾಣುವನ್ನು ತೋರಿಸುವುದಿಲ್ಲ, ನಮ್ಮ ದೇಹ ಹುಟ್ಟಿಸಿದ ಪ್ರತಿಕಾಯಗಳನ್ನು ಮಾತ್ರ ತೋರಿಸುತ್ತದೆ. ಹಿಂದೆ ಬಂದ ಕಾಯಿಲೆಯಿಂದಲೂ ಅದು ಪಾಸಿಟಿವ್ ಬರಬಹುದು. ಕೋಳಿಯಿಂದ ಬಂದ ಭೇದಿಯನ್ನು ಹಿಡಿಯಲು ಬೇಕಾದದ್ದು ಮಲದ ಕಲ್ಚರ್.

ಕೊಕ್ಕರೆಬೆಳ್ಳೂರಿನ ಹಕ್ಕಿಗಳ ವಿಚಾರವೇನು?

ನಮ್ಮದೇ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಪ್ರತಿವರ್ಷ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಬಂದು ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. 2017ರ ಜನವರಿಯಲ್ಲಷ್ಟೇ ಹಕ್ಕಿಜ್ವರದಿಂದಾಗಿ ಮೈಸೂರು ಮೃಗಾಲಯ ಮುಚ್ಚಿತ್ತು. ಆದ್ದರಿಂದ ಇಲ್ಲಿಯೂ ಅದೇ ಇರಬೇಕೆಂದು ಜನ ಹೆದರಿದರು. ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಹಕ್ಕಿಜ್ವರ ಕಾಣಲಿಲ್ಲ, ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಪರೀಕ್ಷೆ ಮಾಡಿಸದೆ ಊಹೆಯಲ್ಲೇ ಉಳಿದಿದ್ದರೆ ಆ ಹಕ್ಕಿಗಳಿಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತಿತ್ತು.

ಕಾಡುಹಕ್ಕಿ, ನೀರಹಕ್ಕಿಗಳ ಕರುಳಿನಲ್ಲೂ ಕ್ಯಾಂಪೈಲೋಬ್ಯಾಕ್ಟರ್, ಸಾಲ್ಮೊನೆಲ್ಲಾ ಇರುತ್ತವೆ ಎಂದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಅವುಗಳಲ್ಲಿರುವ ತಳಿಗಳು ಬಹುಪಾಲು ಬೇರೆ. ಮನುಷ್ಯರ ಕಾಯಿಲೆಯಲ್ಲಿ ದೊಡ್ಡ ಪಾಲು ಕೋಳಿಯದೇ ಹೊರತು ಕೊಕ್ಕರೆಯದಲ್ಲ. ಗೂಡು ಕೆಡವುವುದು, ಹಕ್ಕಿ ಓಡಿಸುವುದು ಬೇಕಿಲ್ಲ. ಹಿಕ್ಕೆ ನಮ್ಮ ನೀರಿಗೂ ಊಟಕ್ಕೂ ಸೇರದಂತೆ ನೋಡಿಕೊಂಡರೆ ಸಾಕು.

"ನಾವು ಮಾಂಸ ಮುಟ್ಟುವವರೇ ಅಲ್ಲ, ನಮಗೇಕೆ ಈ ಚಿಂತೆ?" ಎಂದು ಕೇಳುವವರೂ ಇದ್ದಾರೆ. 2008ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ನಡೆದದ್ದನ್ನು ಅವರು ಕೇಳಬೇಕು. ಅಲ್ಲಿ ಹಸಿ ಬಟಾಣಿ ತಿಂದವರಿಗೆ ಭೇದಿ ಶುರುವಾಯಿತು. 60ಕ್ಕೂ ಹೆಚ್ಚು ಜನರ ಮಲದ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಬೆಳೆಯಿತು. ಬಟಾಣಿ ಹೊಲಕ್ಕೆ ಇಳಿಯುತ್ತಿದ್ದ ಕ್ರೌಂಚ ಪಕ್ಷಿಗಳ ಹಿಕ್ಕೆ ತಂದು ಪರೀಕ್ಷಿಸಿದರು. ರೋಗಿಗಳಲ್ಲಿದ್ದ ರೋಗಾಣುವಿನ ಗುರುತೂ ಬಟಾಣಿ ಮತ್ತು ಹಿಕ್ಕೆಯಲ್ಲಿದ್ದ ರೋಗಾಣುವಿನ ಗುರುತೂ ಹೆಬ್ಬೆಟ್ಟಿನ ಗುರುತಿನಂತೆ ತಾಳೆಯಾಯಿತು. ಬಟಾಣಿ ತೊಳೆದ ನೀರಿನಲ್ಲಿ ಕ್ಲೋರಿನ್ ಇರಲಿಲ್ಲ. ಹಕ್ಕಿಗಳು ಮಾಂಸದ ಮೂಲಕ ಮಾತ್ರವಲ್ಲ, ಹಸಿ ತರಕಾರಿ ಮತ್ತು ನೀರಿನ ಮೂಲಕವೂ ರೋಗಾಣು ದಾಟಿಸಬಲ್ಲವು.

ಪ್ರಯೋಗಾಲಯದಲ್ಲಿ ಪತ್ತೆ ಮಾಡುವುದು ಹೇಗೆ?

ಕೋಳಿಯಲ್ಲಿ: ಹತ್ತಿ ಸುತ್ತಿದ ಕಡ್ಡಿಯನ್ನು ಕೋಳಿಯ ಮಲದ್ವಾರದಲ್ಲಿ ಆಡಿಸಿ ಮಾದರಿ ತೆಗೆಯುತ್ತಾರೆ. ಸಾವಿರಾರು ಕೋಳಿಗಳಿರುವ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿಯಲಾಗದು. ಆಗ ಪಾದರಕ್ಷೆಯ ಮೇಲೆ ಶುದ್ಧವಾದ ಬಟ್ಟೆಯ ಕವಚ ತೊಟ್ಟು ಶೆಡ್ಡಿನ ಉದ್ದಕ್ಕೂ ನಡೆಯುತ್ತಾರೆ. ನೆಲದ ಹೊಟ್ಟಿನಲ್ಲಿರುವ ಹಿಕ್ಕೆ ಬಟ್ಟೆಗೆ ಅಂಟುತ್ತದೆ, ಆ ಬಟ್ಟೆಯೇ ಮಾದರಿ. ಕೋಳಿ ಪ್ರತಿದಿನವೂ ರೋಗಾಣುವನ್ನು ಹೊರಹಾಕುವುದಿಲ್ಲವಾದ್ದರಿಂದ ಒಮ್ಮೆ ಸಿಗಲಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ. ಮತ್ತೆ ಮತ್ತೆ ನೋಡಬೇಕಾಗುತ್ತದೆ.

ಕಾಡುಹಕ್ಕಿಯಲ್ಲಿ: ಹಕ್ಕಿಯನ್ನು ಹಿಡಿಯದೆಯೇ ಆಗತಾನೇ ಬಿದ್ದ ಹಿಕ್ಕೆಯನ್ನು ತೆಗೆದುಕೊಳ್ಳಬಹುದು. ಬಿಸಿಲಿಗೆ ಒಣಗಿದ ಹಿಕ್ಕೆಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಬೇಗ ಸಾಯುತ್ತದೆ. ನಮ್ಮ ರಾಜ್ಯದಲ್ಲಿ ಪ್ರಾಣಿಪಕ್ಷಿಗಳ ರೋಗ ಪತ್ತೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಇದೆ. ಮಾದರಿಗಳನ್ನು ಅಲ್ಲಿಗೆ ಪಶುವೈದ್ಯರ ಮೂಲಕ ಕಳುಹಿಸಬೇಕು. ಸತ್ತ ಹಕ್ಕಿಯನ್ನು ನಾವೇ ಚೀಲಕ್ಕೆ ಹಾಕಿಕೊಂಡು ಹೋಗಬಾರದು.

ಮನುಷ್ಯರಲ್ಲಿ: ಮಲದ ಮಾದರಿಯನ್ನು ರೋಗಾಣುವಿಗೆ ಆಹಾರವಾಗುವ ಗಟ್ಟಿ ಪದಾರ್ಥ ತುಂಬಿದ ತಟ್ಟೆಯ ಮೇಲೆ ಹರಡುತ್ತಾರೆ. ಸಾಲ್ಮೊನೆಲ್ಲಾ ಇದ್ದರೆ 37 ಡಿಗ್ರಿಯಲ್ಲಿ ಒಂದು ದಿನ ಇಟ್ಟಾಗ ಕೆಂಪು ಬಣ್ಣದ ತಟ್ಟೆಯ ಮೇಲೆ ನಡುವೆ ಕಪ್ಪಗಿರುವ ಚುಕ್ಕೆಗಳು ಏಳುತ್ತವೆ. ಅವು ಸಾಲ್ಮೊನೆಲ್ಲಾವೇ ಹೌದೆಂದು ಖಚಿತಪಡಿಸಲು, ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯಲು ಇನ್ನೂ ಒಂದೆರಡು ದಿನ ಬೇಕು.

ಕ್ಯಾಂಪೈಲೋಬ್ಯಾಕ್ಟರ್ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಮಾಮೂಲು ಗಾಳಿ ಅದಕ್ಕೆ ಆಗದು, ಆಮ್ಲಜನಕ ತೀರ ಕಡಿಮೆ ಇರುವ ಡಬ್ಬಿ ಬೇಕು. ಪೆಟ್ಟಿಗೆಯ ಬಿಸಿಯನ್ನು 42 ಡಿಗ್ರಿಗೆ ಏರಿಸಿ ಎರಡು ದಿನ ಇಡಬೇಕು. ಅಂದರೆ ಕೋಳಿಯ ಹೊಟ್ಟೆಯ ಬಿಸಿಯನ್ನೇ ಪ್ರಯೋಗಾಲಯದಲ್ಲಿ ಸೃಷ್ಟಿಸಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಆಕಾರ ದೂರದಲ್ಲಿ ಹಾರುವ ಹಕ್ಕಿಯ ಬಿಚ್ಚಿದ ರೆಕ್ಕೆಯಂತೆ ಕಾಣುತ್ತದೆ. 1977ರಲ್ಲಿ ಇಂಗ್ಲೆಂಡಿನ ಡಾ. ಮಾರ್ಟಿನ್ ಸ್ಕಿರೋ ಇದನ್ನು ಬೆಳೆಸುವ ಸರಳ ವಿಧಾನವನ್ನು ಪ್ರಕಟಿಸಿದ ಮೇಲೆಯೇ ಆಸ್ಪತ್ರೆಗಳು ಇದನ್ನು ಹುಡುಕಲು ಆರಂಭಿಸಿದವು. ಈಗಲೂ ಎಲ್ಲ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಅಗತ್ಯವಿದ್ದರೆ ವೈದ್ಯರು ಮಾದರಿಯನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸುತ್ತಾರೆ. ಕೋವಿಡ್ ಕಾಲದಲ್ಲಿ ನೀವೆಲ್ಲ ಕೇಳಿದ ಪಿಸಿಆರ್ ವಿಧಾನದಿಂದಲೂ ಇದನ್ನು ಪತ್ತೆಹಚ್ಚಬಹುದು.

ಮಾದರಿ ಕೊಡುವಾಗ ಪಾಲಿಸಬೇಕಾದ ಕ್ರಮ

ನಾನು ಡಿಪ್ಲೊಮಾ ಓದುತ್ತಿದ್ದಾಗ ಒಮ್ಮೆ ಸಂಜೆ ತೆಗೆದ ಮಲದ ಮಾದರಿಯನ್ನು ಮೇಜಿನ ಮೇಲೆಯೇ ಮರೆತು ಬೆಳಿಗ್ಗೆ ಪ್ರಯೋಗಾಲಯಕ್ಕೆ ಕೊಟ್ಟೆ. ಅಲ್ಲಿದ್ದವರು ಅದನ್ನು ತೆಗೆದುಕೊಳ್ಳಲಿಲ್ಲ. ಬಳಲಿದ್ದ ರೋಗಿ ನನ್ನ ಮರೆವಿನಿಂದ ಮತ್ತೊಮ್ಮೆ ಮಾದರಿ ಕೊಡಬೇಕಾಯಿತು. ಅಂದಿನಿಂದ ಈ ಪಟ್ಟಿಯನ್ನು ನನ್ನ ವಿದ್ಯಾರ್ಥಿನಿಯರಿಗೂ ಬಾಯಿಪಾಠ ಮಾಡಿಸುತ್ತೇನೆ.

1. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಮಾದರಿ ಕೊಡಬೇಕು. ಈಗಾಗಲೇ ತೆಗೆದುಕೊಂಡಿದ್ದರೆ ಮುಚ್ಚಿಡದೆ ಮಾತ್ರೆಯ ಹಾಳೆಯನ್ನೋ ಬಾಟಲಿಯನ್ನೋ ತಂದು ತೋರಿಸಿ. ಯಾರೂ ಬೈಯುವುದಿಲ್ಲ.
2. ಆಸ್ಪತ್ರೆಯಲ್ಲಿ ಕೊಡುವ ಡಬ್ಬಿಯನ್ನೇ ಬಳಸಿ. ಉಪ್ಪಿನಕಾಯಿ ಬಾಟಲಿ, ಬೆಂಕಿಪೊಟ್ಟಣ ಬೇಡ.
3. ಒಂದು ಚಮಚದಷ್ಟು ಸಾಕು. ರಕ್ತ ಅಥವಾ ಲೋಳೆ ಇರುವ ಭಾಗವನ್ನೇ ತೆಗೆಯಿರಿ.
4. ಮೂತ್ರ, ಫಿನಾಯಿಲ್, ಸೋಪಿನ ನೀರು ಸೇರಬಾರದು.
5. ಎರಡು ಗಂಟೆಯೊಳಗೆ ಪ್ರಯೋಗಾಲಯ ತಲುಪಿಸಬೇಕು. ತಡವಾಗುವಂತಿದ್ದರೆ ನರ್ಸ್‌ಗೆ ಹೇಳಿ, ಮಾದರಿ ಕೆಡದಂತೆ ಸಾಗಿಸುವ ಬೇರೆ ಟ್ಯೂಬ್ ಕೊಡುತ್ತಾರೆ.
6. ಡಬ್ಬಿಯ ಮೇಲೆ ಹೆಸರು, ದಿನಾಂಕ, ವೇಳೆ ಬರೆಸಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ವೈದ್ಯರ ಬಳಿ ಈ ಸಂಗತಿಗಳನ್ನೂ ಹೇಳಿ: ಮನೆಯಲ್ಲಿ ಕೋಳಿ, ಪಾರಿವಾಳ ಇವೆಯೇ? ಸಂತೆಯಿಂದ ಹೊಸದಾಗಿ ಮರಿ ತಂದಿರಾ? ಕಳೆದ ಒಂದು ವಾರದಲ್ಲಿ ಹಬ್ಬ, ಬೀಗರೂಟದಲ್ಲಿ ಉಂಡಿರಾ? ಜೊತೆಯಲ್ಲಿ ಉಂಡವರಿಗೂ ಹೀಗೆಯೇ ಆಗಿದೆಯೇ? ನೀರಿನ ತೊಟ್ಟಿಯ ಮೇಲೆ ಹಕ್ಕಿಗಳು ಕೂರುತ್ತವೆಯೇ? ಇವುಗಳ ಉತ್ತರದಿಂದಲೇ ಯಾವ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ತಿಳಿಯುವುದು.

ಪತ್ತೆ ಏಕೆ ಅಷ್ಟು ಮುಖ್ಯ?

ಈ ಭೇದಿಗಳಲ್ಲಿ ಹೆಚ್ಚಿನವು ಓಆರ್‌ಎಸ್, ಗಂಜಿ, ಎಳನೀರು, ವಿಶ್ರಾಂತಿಯಿಂದಲೇ ವಾರದೊಳಗೆ ವಾಸಿಯಾಗುತ್ತವೆ. ಆಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೆ ಸರಿಯಾದದ್ದೇ ಸಿಗಬೇಕು. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೆ ಇಂದು ಅನೇಕ ಕ್ಯಾಂಪೈಲೋಬ್ಯಾಕ್ಟರ್ ತಳಿಗಳು ಬಗ್ಗುವುದೇ ಇಲ್ಲ. ಕೋಳಿಗಳಿಗೆ ಆಂಟಿಬಯಾಟಿಕ್‌ಗಳನ್ನು ಯದ್ವಾತದ್ವಾ ಬಳಸಿದ್ದೂ ಇದಕ್ಕೆ ಒಂದು ಕಾರಣ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧಿಯನ್ನು ಕೋಳಿ ಮತ್ತು ಜಾನುವಾರುಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಕ್ಯಾಂಪೈಲೋಬ್ಯಾಕ್ಟರ್ ಭೇದಿ ಬಂದ ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ, ಭೇದಿ ನಿಂತ ಒಂದರಿಂದ ಮೂರು ವಾರಗಳಲ್ಲಿ ಗಿಲಾನ್ ಬಾರೆ ಎಂಬ ನರಗಳ ಕಾಯಿಲೆ ಬರಬಹುದು. ರೋಗಾಣುವಿನ ವಿರುದ್ಧ ಹುಟ್ಟಿದ ರಕ್ಷಣಾ ಶಕ್ತಿ ತಪ್ಪಿ ನಮ್ಮ ನರಗಳನ್ನೇ ಹೊಡೆಯುತ್ತದೆ. ಪಾದಗಳಲ್ಲಿ ಜುಮುಜುಮು, ಕುಕ್ಕರಗಾಲಿನಲ್ಲಿ ಕೂತವರಿಗೆ ಏಳಲಾಗದಿರುವುದು, ಮೆಟ್ಟಿಲು ಹತ್ತಲಾಗದಿರುವುದು, ಬಲಹೀನತೆ ಕಾಲಿನಿಂದ ಮೇಲಕ್ಕೆ ಏರುತ್ತಾ ಹೋಗುವುದು, ಇವು ಅದರ ಲಕ್ಷಣಗಳು. ಉಸಿರಾಟದ ಸ್ನಾಯುಗಳಿಗೆ ತಾಗಿದರೆ ಪ್ರಾಣಾಪಾಯ. 2025ರ ಆರಂಭದಲ್ಲಿ ಪುಣೆ ಭಾಗದಲ್ಲಿ 200ಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆಯ ಶಂಕೆ ಉಂಟಾದಾಗ, ಹಲವು ರೋಗಿಗಳ ಮಲದಲ್ಲಿ ಸಿಕ್ಕಿದ್ದು ಇದೇ ರೋಗಾಣು.

ಭೇದಿಯಾಗಿ ಕೆಲವು ವಾರಗಳ ಮೇಲೆ ಕಾಲು ಸೋತರೆ "ನಿತ್ರಾಣ, ನಾಲ್ಕು ದಿನ ಉಂಡರೆ ಸರಿಹೋಗುತ್ತದೆ" ಎಂದು ಕೂರಬೇಡಿ, ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುತ್ತಾ ಹೊತ್ತು ಕಳೆಯಬೇಡಿ. ಅದೇ ದಿನ ಆಸ್ಪತ್ರೆಗೆ ಬನ್ನಿ, ಉಸಿರು ಕಷ್ಟವಾದರೆ 108ಕ್ಕೆ ಕರೆ ಮಾಡಿ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಸಕಾಲಕ್ಕೆ ಚಿಕಿತ್ಸೆ ಪಡೆದ ಹೆಚ್ಚಿನವರು ಮತ್ತೆ ನಡೆದಾಡುತ್ತಾರೆ.

ರಕ್ತಭೇದಿ, ಇಳಿಯದ ಜ್ವರ, ಮೂತ್ರ ಕಡಿಮೆಯಾಗುವುದು, ಮಗುವಿನ ಕಣ್ಣು ಗುಳಿ ಬೀಳುವುದು ಕಂಡರೂ ಕೂಡಲೇ ಬರಬೇಕು. ಹಸುಗೂಸು, ಗರ್ಭಿಣಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ತಡ ಮಾಡಲೇಬಾರದು. ರಕ್ತಭೇದಿಯಲ್ಲಿ ಭೇದಿ ಕಟ್ಟುವ ಮಾತ್ರೆ ಅಪಾಯ. ಎದೆಹಾಲು ನಿಲ್ಲಿಸಬೇಡಿ.

ಮನೆಯಲ್ಲಿ ವಹಿಸಬೇಕಾದ ಎಚ್ಚರ

• ಹಸಿ ಕೋಳಿ ಮಾಂಸವನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬೇಡಿ. ಸಿಡಿಯುವ ಹನಿ ಪಾತ್ರೆ, ಸೊಪ್ಪು, ಮಗುವಿನ ಲೋಟಕ್ಕೆ ಬೀಳುತ್ತದೆ. ತೊಳೆಯಲೇಬೇಕೆಂದರೆ ಅಗಲ ಪಾತ್ರೆಯಲ್ಲಿ ನಿಧಾನವಾಗಿ ತೊಳೆದು ನೀರನ್ನು ಬಚ್ಚಲಿಗೆ ಚೆಲ್ಲಿ.
• ಮಾಂಸ ಕೊಯ್ದ ಈಳಿಗೆಮಣೆ, ಚಾಕುವಿನಲ್ಲಿ ಹಾಗೆಯೇ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ.
• ಮೂಳೆಯ ಹತ್ತಿರದ ಕೆಂಪು ಹೋಗುವವರೆಗೆ ಬೇಯಿಸಿ. ಒಳಗಿನವರೆಗೂ 70 ಡಿಗ್ರಿ ಬಿಸಿ ತಾಗಿದರೆ ಈ ರೋಗಾಣುಗಳು ಉಳಿಯುವುದಿಲ್ಲ. ಕುದಿಯುವ ಸಾರು ಅದಕ್ಕಿಂತ ಬಿಸಿ. ಅರ್ಧ ಬೆಂದ ಕಬಾಬಿನಲ್ಲಿ ಅಪಾಯ ಹೆಚ್ಚು.
• ಉಳಿದ ಸಾರನ್ನು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಬೆಚ್ಚಗೆ ಮಾಡಿ ಮಕ್ಕಳಿಗೆ ಬಡಿಸಬೇಡಿ.
• ಕೋಳಿಗಳನ್ನು ರಾತ್ರಿ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕವುಚಬೇಡಿ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಜಗಲಿಯ ಹಿಕ್ಕೆಯನ್ನು ಆಗಿಂದಾಗ್ಗೆ ತೆಗೆಯಿರಿ.
• ಸಂತೆಯಲ್ಲಿ ಮಾರುವ ಬಣ್ಣದ ಕೋಳಿಮರಿಗೆ ಮಕ್ಕಳು ಮುತ್ತಿಡದಂತೆ ನೋಡಿಕೊಳ್ಳಿ. ಮುಟ್ಟಿದರೆ ಕೈ ತೊಳೆಸಿ.
• ಟ್ಯಾಂಕು, ತೊಟ್ಟಿ, ಬಾವಿಗೆ ಮುಚ್ಚಳ ಹಾಕಿ. ಕುಡಿಯುವ ನೀರನ್ನು ಕುದಿಸಿ ಆರಿಸಿ.
• ಹಕ್ಕಿ ಹಿಕ್ಕೆ, ಕೋಳಿ ಗೊಬ್ಬರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚೆನ್ನಾಗಿ ಕೊಳೆಸಿದ ಮೇಲೆ ಹೊಲಕ್ಕೆ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಹಸಿ ಗೊಬ್ಬರ ಬೇಡ.

ಕೊನೆಯದಾಗಿ, ನಾವು ಕೋಳಿ ಸಾಕಬೇಡಿ ಎನ್ನುತ್ತಿಲ್ಲ. ನಾಲ್ಕು ಕೋಳಿ, ಹತ್ತು ಮೊಟ್ಟೆ ಎಷ್ಟೋ ತಾಯಂದಿರ ಕೈಗಾಸು ಎಂಬುದು ನಮಗೂ ಗೊತ್ತು. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ರಕ್ತಭೇದಿಯಾದರೆ ಮೊದಲು ಓಆರ್‌ಎಸ್ ಕುಡಿಸಲು ಶುರು ಮಾಡಿ. ಔಷಧಿ ಅಂಗಡಿಗೆ ಹೋಗುವ ಬದಲು ನೇರವಾಗಿ ಇಲ್ಲಿಗೆ ಬನ್ನಿ. ಮಾದರಿಯ ಡಬ್ಬಿಯನ್ನು ಹೊರರೋಗಿ ವಿಭಾಗದ ನರ್ಸ್ ಬಳಿ ಕೇಳಿ ಪಡೆಯಬಹುದು.

– ಶುಶ್ರೂಷಾ ಬೋಧಕಿ